ಫಿಟ್‌ನೆಸ್ ಸರ್ಟಿಫಿಕೇಟಿಗೊಂದು ಬಾಯಿಪಾಠ

ಕಳೆದ ಭಾನುವಾರ ನಸ್ರೀನ್ ಮನೆಗೆ ಬಂದು ನನ್ನ ತೋಳಿಗೆ ರಕ್ತದೊತ್ತಡ ನೋಡುವ ಪಟ್ಟಿ ಸುತ್ತಿದಳು. ನರ್ಸಿಂಗ್ ಎರಡನೇ ವರ್ಷದ ಹುಡುಗಿ. ಕೈ ಪಳಗಿಸಿಕೊಳ್ಳಲು ಯಾರಾದರೂ ಬೇಕಂತೆ. ಹಳೇ ಮೇಷ್ಟರು ಬಿಟ್ಟಿ ಸಿಗುತ್ತಾರೆ. ಬಗ್ಗಿದಾಗ ಅವಳ ದಪ್ಪ ಕನ್ನಡಕ ಮೂಗಿನ ತುದಿಗೆ ಜಾರಿತು. ಅದನ್ನು ಕಂಡರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಅವಳು ಸ್ಟೆತಾಸ್ಕೋಪು ಸರಿಮಾಡಿಕೊಳ್ಳುವುದರೊಳಗೆ ಯಾಕೆಂದು ನಿಮಗೆ ಹೇಳಿಬಿಡುತ್ತೇನೆ.

ನಾನು ಹಲಸೂರಿನಲ್ಲಿ ಮೂವತ್ತು ವರ್ಷ ಮನೆಪಾಠ ಹೇಳಿದವನು. ನನ್ನ ವಿದ್ಯೆಯೆಲ್ಲ ಬಾಯಿಪಾಠದ್ದು. ಮಗ್ಗಿಯಿಂದ ಹಿಡಿದು ಹೃದಯದ ಕವಾಟಗಳವರೆಗೆ ಎಲ್ಲವನ್ನೂ ಮಕ್ಕಳ ಕೈಲಿ ರಾಗವಾಗಿ ಒದರಿಸುತ್ತಿದ್ದೆ. ಬೀದಿಯಲ್ಲಿ ಹೋಗುವವರು ನಮ್ಮ ಮನೆಯನ್ನು ಭಜನಾ ಮಂದಿರವೆಂದುಕೊಂಡಿದ್ದರೂ ಆಶ್ಚರ್ಯವಿಲ್ಲ. "ಗೊತ್ತಿಲ್ಲ ಅನ್ನೋ ಮಾತು ನನ್ನ ಮುಂದೆ ಬೇಡ. ಏನಾದ್ರೂ ಬರಿ, ಅರ್ಧ ಮಾರ್ಕಾದ್ರೂ ಬೀಳುತ್ತೆ" ಎಂದು ಗದರುತ್ತಿದ್ದೆ. ತಂದೆತಾಯಂದಿರಿಗೆ ಇದು ಬಹಳ ಹಿಡಿಸಿತ್ತು, ನನಗಂತೂ ಕೇಳುವುದೇ ಬೇಡ.

ನಸ್ರೀನ್ ಶಿವಾಜಿನಗರದಿಂದ ನನ್ನ ಪಾಠಕ್ಕೆ ಬರುತ್ತಿದ್ದಳು. ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಂಡು ನೋಡಿಕೊಂಡೇ ನರ್ಸ್ ಆಗಬೇಕೆಂಬ ಹಟ ಅವಳಿಗೆ ಹತ್ತಿತು. ಸೀಟೂ ಸಿಕ್ಕಿತು. ಆದರೆ ಸೇರುವ ಮೊದಲು ಎದೆಯ ಎಕ್ಸ್‌ರೇ, ರಕ್ತ, ಕಿವಿ, ಕಣ್ಣು ಎಲ್ಲ ಪರೀಕ್ಷಿಸಿ ಡಾಕ್ಟರು ಫಿಟ್ ಎಂದು ಬರೆದುಕೊಡಬೇಕಿತ್ತು.

ಸುತ್ತಲೂ ಮಿಲಿಟರಿಯವರಿರುವ ನಮ್ಮ ಕಡೆ ಮೆಡಿಕಲ್ ಎಂದರೆ ಸೈನ್ಯದ ಭರ್ತಿಯ ಮೆಡಿಕಲ್ಲೇ. ಅದರಲ್ಲೂ ನಸ್ರೀನಳ ಅಣ್ಣನನ್ನು ಕಣ್ಣು ಸಾಲದೆಂದು ಅಲ್ಲಿಂದ ವಾಪಸ್ ಕಳಿಸಿದ್ದರು. ಅವಳ ಅಪ್ಪ, ಬ್ಯಾಗಿನ ಅಂಗಡಿಯವರು, ಓಡಿಬಂದರು. "ಚಶ್ಮಾ ನೋಡಿದ್ರೆ ಇವಳನ್ನೂ ವಾಪಸ್ ಕಳಿಸ್ತಾರೆ ಸಾರ್. ಏನಾದ್ರೂ ಮಾಡಿ."

ಕಾಲೇಜಿಗೆ ಒಂದು ಫೋನು ಮಾಡಿ ಕೇಳಬಹುದಿತ್ತು. ಆದರೆ ನಾನು ಮೇಷ್ಟರು, ಕೇಳುವುದುಂಟೇ? ಕನ್ನಡಕದ ಅಂಗಡಿಗೆ ಹೋಗಿ, ಗೋಡೆಯ ಮೇಲಿನ ಅಕ್ಷರದ ಪಟವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದೆ. ಎರಡು ಸಂಜೆಯಲ್ಲಿ ಹುಡುಗಿಗೆ ಅದು ಕಂಠಸ್ಥವಾಯಿತು.

ಮೂರನೆಯ ದಿನ ಕುಕ್ ಟೌನಿನ ಕ್ಲಿನಿಕ್ಕಿಗೆ ಹೋದೆವು. ಕನ್ನಡಕ ಬ್ಯಾಗಿನೊಳಗೆ, ಅವಳ ಕೈ ನನ್ನ ಮೊಣಕೈ ಮೇಲೆ. ವಯಸ್ಸಾದ ಡಾಕ್ಟರಮ್ಮ ಪಟ ತೋರಿಸಿದ್ದೇ ತಡ, ನಸ್ರೀನ್ ಕೊನೆಯ ಸಾಲಿನವರೆಗೂ ಗಡಗಡ ಹೇಳಿಬಿಟ್ಟಳು. ನಾನು ಹಿಂದೆ ಕೂತು ಮೀಸೆಯಲ್ಲೇ ನಕ್ಕೆ. ಡಾಕ್ಟರಮ್ಮ ನಗಲಿಲ್ಲ. ಕೋಣೆಯ ಆ ತುದಿಯಲ್ಲಿ ಮಂಚದ ಮೇಲೆ ಒಬ್ಬ ಮುದುಕರು ಮಲಗಿದ್ದರು, ಪಕ್ಕದಲ್ಲಿ ಡ್ರಿಪ್ಪಿನ ಬಾಟಲಿ ತೂಗುತ್ತಿತ್ತು.

"ಆ ತಾತಂಗೆ ಡ್ರಿಪ್ ಹಾಕಿದೀವಲ್ಲ, ಹನಿ ಬೀಳ್ತಿದೆಯಾ ನೋಡಮ್ಮ."

ನಸ್ರೀನ್ ಒಂದು ಕ್ಷಣ ಕಣ್ಣು ಕಿರಿದು ಮಾಡಿದಳು. "ಬೀಳ್ತಿದೆ ಮೇಡಂ."

"ಆಗ್ಲೇ ನಾನೇ ನಿಲ್ಸಿದೀನಿ."

ಮುದುಕರು ತಲೆಯೆತ್ತಿ ಅವಳನ್ನೇ ನೋಡಿದರು. ನಸ್ರೀನ್ ಬ್ಯಾಗು ತಡಕಿ ಕನ್ನಡಕ ತೆಗೆದು ಹಾಕಿಕೊಂಡಳು. ಮೊದಲು ಬಾಟಲಿ ನೋಡಿದಳು, ಆಮೇಲೆ ಆ ಮುದುಕರ ಮುಖ ನೋಡಿ ಅತ್ತುಬಿಟ್ಟಳು.

"ಕನ್ನಡಕ ಇದ್ರೆ ಯಾರೂ ಬೇಡ ಅನ್ನಲ್ಲ ಕಣಮ್ಮ," ಎಂದರು ಡಾಕ್ಟರಮ್ಮ. "ಆದ್ರೆ ಕಾಣದೇ ಇರೋದನ್ನ ಕಾಣ್ತಿದೆ ಅನ್ನೋರ ಕೈಗೆ ಪೇಷಂಟ್‌ನ ಹೇಗೆ ಕೊಡೋದು?" ಫಾರಮ್ಮನ್ನು ಮಡಚಿ ಪಕ್ಕಕ್ಕಿಟ್ಟರು.

ಸೇರಲು ಮಾರನೆಯ ದಿನವೇ ಕೊನೆ. ಹುಡುಗಿ ನನ್ನ ಹೆಸರು ಹೇಳಲಿಲ್ಲ. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆ ಸ್ವಲ್ಪ ಹೊತ್ತನ್ನು ನಾನು ಮರೆತಿಲ್ಲ. ಕೊನೆಗೆ ಎದ್ದು ನಿಂತು, "ಹೇಳಿಕೊಟ್ಟಿದ್ದು ನಾನು ಮೇಡಂ. ಅವಳದು ತಪ್ಪಿಲ್ಲ" ಎಂದೆ.

"ತಾವು ಯಾರು?"

"ಅವಳ ಮೇಷ್ಟ್ರು."

ಅವರು ನನ್ನನ್ನು ನೋಡಿದ ನೋಟಕ್ಕಿಂತ ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು. ಫಾರಂ ಮತ್ತೆ ಬಿಚ್ಚಿ, ಕನ್ನಡಕ ಹಾಕಿಸಿ, ಬೇರೆ ಪಟದಲ್ಲಿ ಮೊದಲಿಂದ ಓದಿಸಿದರು. ಕಡೆಗೆ 'ಕನ್ನಡಕದೊಂದಿಗೆ ಫಿಟ್' ಎಂದು ಬರೆದು ಸಹಿ ಹಾಕಿದರು.

ಆಟೋದಲ್ಲಿ ನಸ್ರೀನ್ ಮೆಲ್ಲಗೆ ಹೇಳಿದಳು: "ಕಾಣ್ತಿಲ್ಲ ಅಂತ ಹೇಳ್ಬೇಕು ಅನ್ಸ್ತು ಸಾರ್. ನಾಲಿಗೇನೇ ಹೊರಳ್ಲಿಲ್ಲ." ಆ ನಾಲಿಗೆಯನ್ನು ವರ್ಷಗಟ್ಟಲೆ ತಿದ್ದಿದವನು ಪಕ್ಕದಲ್ಲೇ ಕೂತಿದ್ದ.

ಇರಲಿ. ಭಾನುವಾರ ಪಟ್ಟಿಯ ಗಾಳಿ ಪೂರ್ತಿ ಇಳಿಯಿತು. ನಸ್ರೀನ್ ಸ್ಟೆತಾಸ್ಕೋಪು ಕಿವಿಯಿಂದ ತೆಗೆದಳು.

"ಎಷ್ಟಿದೆಯಮ್ಮ?"

ಏನೋ ಒಂದು ಅಂಕಿ ಹೇಳಿದ್ದರೆ ನಾನು ನಂಬುತ್ತಿದ್ದೆ. ಅವಳ ಮುಖ ಕೆಂಪಾಯಿತು.

"ಗೊತ್ತಾಗ್ಲಿಲ್ಲ ಸಾರ್. ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ನೋಡ್ಲಾ?"

ನಾನು ತೋಳನ್ನು ಮತ್ತೆ ಚಾಚಿದೆ. "ನೋಡಮ್ಮ," ಎಂದೆ, "ಎಷ್ಟು ಸಲ ಬೇಕಾದ್ರೂ ನೋಡು."