ಆದಿಪುರುಷನಿಗೆ ಅಧ್ಯಕ್ಷರ ಮುಖ

ಮಡಂತ್ಯಾರಿನಿಂದ ಬೆಳ್ತಂಗಡಿಗೆ ಹೋಗುವಾಗ ನಮ್ಮ ಕಣಿವೆಯ ತಿರುವಿನಲ್ಲಿ ಪಿಕ್ಕಾಸು ಹಿಡಿದ ಸಿಮೆಂಟಿನ ಗಂಡಸೊಬ್ಬ ನಿಂತಿದ್ದಾನೆ. ಕಾಡು ಕಡಿದು ಇಲ್ಲಿ ಮೊದಲು ಗದ್ದೆ ಮಾಡಿದ ಹಿರಿಯರ ಸ್ಮಾರಕ ಅದು. ಅದಕ್ಕೊಂದು ಸಮಿತಿಯಾಯಿತು. ಕನ್ನಡ ಮಾಸ್ತರಿಕೆ ಮಾಡಿ ನಿವೃತ್ತನಾದ ತಪ್ಪಿಗೆ ಫಲಕ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಮೊದಲು ಬಂದವರು ಯಾರು ಎಂದು ನಾನು ಕೇಳಿದ್ದೇ ತಡ, ಸಭೆಯಲ್ಲಿದ್ದವರೆಲ್ಲ ತಂತಮ್ಮ ಅಜ್ಜನನ್ನು ಎತ್ತಿಕೊಂಡು ಬಂದರು. ಒಬ್ಬರ ಅಜ್ಜ ಹುಲಿ ಹೊಡೆದು ಬಂದದ್ದು, ಇನ್ನೊಬ್ಬರ ಅಜ್ಜನನ್ನು ಕಂಡು ಹುಲಿಯೇ ಓಡಿದ್ದು. ಪಾಪ, ಹುಲಿಗಾದರೂ ಒಂದು ಸ್ಮಾರಕ ಬೇಕಿತ್ತು. ಅಷ್ಟರಲ್ಲಿ ನನ್ನ ಅಮ್ಮನ ಅಕ್ಕ, ಅಂದರೆ ದೊಡ್ಡಮ್ಮ, ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಮೊದಲು ಬಂದದ್ದು ನನ್ನ ಅಜ್ಜಿ. ಗಂಡ ಸತ್ತ ಮೇಲೆ ಸೊಂಟದಲ್ಲಿ ಮಗು ಇಟ್ಟುಕೊಂಡು ಒಬ್ಬರೇ ಬಂದದ್ದು. ಅವರು ಇಲ್ಲಿ ಬದುಕಿ ಉಳಿದದ್ದು ನೋಡಿದ ಮೇಲೆ ನಿಮ್ಮ ಅಜ್ಜಂದಿರು ಬಂದದ್ದು. ನಾನು ಕಣ್ಣು ಮುಚ್ಚುವ ಮೊದಲು ಅದನ್ನು ನಾಲ್ಕು ಜನರ ಎದುರು ಹೇಳಿ, ಸಾಕು."

"ಹೆಂಗಸಿನ ಪ್ರತಿಮೆಗೆ ಅಚ್ಚು ಇಲ್ಲವಂತೆ ದೊಡ್ಡಮ್ಮ, ಎಂತ ಮಾಡುವುದು?" ಎಂದರು ಗಲ್ಫಿನಲ್ಲಿ ಹೋಟೆಲು ನಡೆಸಿ ಬಂದಿದ್ದ ನಮ್ಮ ಅಧ್ಯಕ್ಷರು. ತಾಯಿಯ ಕಡೆಯಿಂದ ಮನೆತನ ಎಣಿಸುವ ಜನ ನಾವು. ಆದರೆ ಮೈಕಿನ ಹತ್ತಿರ ಬಂದ ಕೂಡಲೇ ಎಲ್ಲರಿಗೂ ಅಜ್ಜನೇ ನೆನಪಾಗುತ್ತಾನೆ. ನನಗೆ ಮೈಯೆಲ್ಲ ಉರಿಯಿತು. ವಾದ ಮಾಡಿದೆ, ಯಾರೂ ಕೇಳಲಿಲ್ಲ.

ಮೂಡುಬಿದಿರೆಯ ಶಿಲ್ಪಿಗೆ ಮುಖಕ್ಕೊಂದು ಮಾದರಿ ಬೇಕಿತ್ತು. ಯಾರ ಅಜ್ಜನ ಫೋಟೋ ಕೊಟ್ಟರೂ ಜಗಳವೇ. ಕೊನೆಗೆ ಊರಿನ ಶಾಂತಿಗಾಗಿ ಅಧ್ಯಕ್ಷರು ತಮ್ಮದೇ ಫೋಟೋ ಕೊಟ್ಟರು. ಎಂಥ ತ್ಯಾಗ ಮಾರಾಯ್ರೆ!

ಉದ್ಘಾಟನೆಯ ದಿನ ಪರದೆ ಸರಿದಾಗ ಅದೇ ಮೀಸೆ, ಅದೇ ಬಿರಿಯಾನಿ ತಿಂದ ಗಲ್ಲ. ಗಂಜಿಗೂ ಗತಿಯಿಲ್ಲದೆ ಕಾಡು ಕಡಿದವನಿಗೆ ಹೊಟ್ಟೆ ಬೇರೆ! ಎಲ್ಲರೂ ಚಪ್ಪಾಳೆ ತಟ್ಟಿದರು.

ಆಗ ದೊಡ್ಡಮ್ಮ ಬುಟ್ಟಿ ಹಿಡಿದು ಮುಂದೆ ಬಂದರು. ಪ್ರತಿಮೆಯ ಕಾಲಬುಡದಲ್ಲಿ ಬಾಳೆಲೆ ಹಾಸಿ ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಒಣಮೀನಿನ ಚಟ್ನಿ ಬಡಿಸಿದರು. ಮಳೆ ಹೊಯ್ಯುವ ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನಮ್ಮ ಮನೆಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವುದು ಹೀಗೆಯೇ. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅಯ್ಯೋ ದೇವರೇ, ಜೀವ ಇದ್ದವರ ಎದುರು ಸತ್ತವರ ಎಲೆ ಹಾಕಿದರಲ್ಲ!" ಎಂದು ಅಧ್ಯಕ್ಷರ ಹೆಂಡತಿ ಕೂಗಿಕೊಂಡರು.

ಅಧ್ಯಕ್ಷರ ಮುಖ ಬಿಳಿಚಿತು. "ಎಲೆ ತೆಗೆಯಿರಿ ದೊಡ್ಡಮ್ಮ, ಕೈ ಮುಗಿಯುತ್ತೇನೆ."

"ತೆಗೆಯುವ ಹಾಗಿಲ್ಲ. ಬಡಿಸಿದ ಮೇಲೆ ಸತ್ತವರನ್ನು ಕರೆಯಬೇಕು, ಅವರು ಉಣ್ಣಬೇಕು. ಯಾರನ್ನು ಕರೆಯುವುದು ಹೇಳಿ." ದೊಡ್ಡಮ್ಮ ಕೋಲೆತ್ತಿ ಪ್ರತಿಮೆಯ ಮೀಸೆ ತೋರಿಸಿದರು. "ಇವರನ್ನೇ ಕರೆಯುವುದಾ?"

ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು. ಅಧ್ಯಕ್ಷರು ಮೈಕು ಹಿಡಿದರು. "ಈ ಕಣಿವೆಗೆ ಎಲ್ಲರಿಗಿಂತ ಮೊದಲು ಬಂದ ಅಜ್ಜೀ, ಈ ಎಲೆ ನಿಮ್ಮದು. ಬನ್ನಿ, ಊಟ ಮಾಡಿ." ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಿಂದ ಅದು ಗದ್ದೆಯ ಆಚೆಗೂ ಕೇಳಿಸಿತು. ಸಮಿತಿಯವರು ತಲೆ ಎತ್ತಲಿಲ್ಲ.

"ಇನ್ನೊಮ್ಮೆ ಹೇಳಿ," ಎಂದರು ದೊಡ್ಡಮ್ಮ.

ಅವರು ಇನ್ನೊಮ್ಮೆ ಹೇಳಿದರು. ದೊಡ್ಡಮ್ಮ ಡಾಮರು ರಸ್ತೆಯ ಮೇಲೆಯೇ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಚಿಕ್ಕ ಮಗುವಿನ ಹಾಗೆ "ಅಜ್ಜೀ" ಎಂದು ಅತ್ತರು.