ಸಪ್ಪೆ ಟೀ ಫ್ಲಾಸ್ಕು

ನಾನು ಎಂ.ಎ. ಓದುವಾಗ ಚಿತ್ರದುರ್ಗದ ನಮ್ಮ ಕಾಲೇಜಿನ ಮನಃಶಾಸ್ತ್ರ ಪ್ರಯೋಗಾಲಯದಲ್ಲಿ ಒಬ್ಬ ಅಟೆಂಡರ್ ಇದ್ದರು. ಹೆಗಲ ಮೇಲಿನ ಟವೆಲ್ಲಿನಿಂದ ಮೊದಲು ಕುರ್ಚಿ ಒರೆಸುವರು, ಆಮೇಲೆ ಅದರಲ್ಲೇ ಮುಖ. ಏನು ಹೇಳಿದರೂ, "ನಮಗೆ ಕಣ್ಣಿಲ್ಲೇನ್ರಿ?" ಎನ್ನುವರು.

ನನ್ನ ಪ್ರಯೋಗ ಸರಳವಾಗಿತ್ತು. ಕಾಲೇಜಿನ ಹುಡುಗರಲ್ಲಿ ಅರ್ಧ ಜನಕ್ಕೆ ಸಕ್ಕರೆ ಟೀ, ಇನ್ನರ್ಧ ಜನಕ್ಕೆ ಸಪ್ಪೆ ಟೀ ಕೊಟ್ಟು, ಪದಗಳ ಪಟ್ಟಿ ಓದಿಸಿ, ಯಾರಿಗೆ ಹೆಚ್ಚು ಪದ ನೆನಪಿರುತ್ತವೆಂದು ನೋಡುವುದು. ಯಾರಿಗೆ ಯಾವ ಟೀ ಎಂಬುದನ್ನು ಚೀಟಿಯೇ ತೀರ್ಮಾನಿಸಬೇಕು. ಚೀಟಿ ಎತ್ತಿಸುವ ಕೆಲಸ ಅವರಿಗೆ ವಹಿಸಿದೆ. ಸಕ್ಕರೆ ಗುಂಪಿನವರೆಲ್ಲ ಬರೀ ಆಕಳಿಸಿದರು. ವಿಚಾರಿಸಿದರೆ ಅಷ್ಟೂ ಜನ ಹಿರಿಯೂರಿನ ಮೊದಲ ಬಸ್ಸಿಗೆ ಬಂದವರು!

"ಚೀಟಿ ಬದಲಾಯಿಸಿದ್ರಾ?"

"ಪಾಪ, ಖಾಲಿ ಹೊಟ್ಟೇಲಿ ಬಂದವೆ. ಚೀಟಿಗೆ ಕಣ್ಣಿಲ್ಲ, ನಮಗೂ ಇಲ್ಲೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಮರುವಾರ ಹೊಸಬರನ್ನು ಕರೆಸಿ, ಚೀಟಿ ಡಬ್ಬಿಯನ್ನು ನಾನೇ ಹಿಡಿದು ಕೂತೆ. ಟೀ ಮಾಡಿ ಬಗ್ಗಿಸುವುದಷ್ಟೇ ಅವರ ಪಾಲಿಗೆ ಬಂತು. ನೆನಪಿನಲ್ಲಿ ಎರಡೂ ಗುಂಪು ಸರಿಸಮ ಬಂದವು. ಸಕ್ಕರೆಗೂ ನೆನಪಿಗೂ ಸಂಬಂಧವಿಲ್ಲ ಎಂದು ಹೆಮ್ಮೆಯಿಂದ ಬರೆದು ಮುಗಿಸಿ, ಸಪ್ಪೆ ಫ್ಲಾಸ್ಕಿನಲ್ಲಿ ಉಳಿದಿದ್ದ ಟೀ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದೆ.

ಒಳ್ಳೆ ಪಾಯಸ! ತಿರುಗಿ ನೋಡಿದರೆ, ಅವರು ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸುತ್ತಿದ್ದರು.