ನಮ್ಮತ್ತೆಯೂ ಕರ್ನಲ್ಲೂ

ಹಲವು ವರ್ಷ ಮನೆಯಲ್ಲಿದ್ದು ಮತ್ತೆ ಪಾಠ ಹೇಳಲು ಹೊರಟವರಿಗೆ ಮೊದಲು ಕೈಕೊಡುವುದು ಧ್ವನಿ. ನನ್ನದು ಅಡುಗೆಮನೆಯಿಂದ ಹಜಾರಕ್ಕೆ ಕೇಳಿಸುವಷ್ಟಕ್ಕೆ ಒಗ್ಗಿಹೋಗಿತ್ತು. ಅಂಥ ಹೊತ್ತಿನಲ್ಲಿ ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ಒಂದು ಪಾಠ ಮಾಡಿ ತೋರಿಸಬೇಕು. ವಿಷಯ, ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ವರ್ಚುವಲ್ ಮೆಮೊರಿಯನ್ನು ನಿಜವಾದ ಮೆಮೊರಿಗೆ ಹೊಂದಿಸುವ ಬಗೆ. ಒಂದು ಕಾಲದಲ್ಲಿ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಈಗ ಪುಸ್ತಕ ತೆರೆದರೆ ನಿದ್ದೆಯೇ ಬರುತ್ತಿತ್ತು.

ಎದುರಿಗೆ ಯಾರಾದರೂ ಕೂತರೆ ಮಾತು ಬಂದೀತೆಂದು ಗಂಡನನ್ನು ಕೂರಿಸಿಕೊಂಡೆ. ಅವರು ಎರಡನೆಯ ವಾಕ್ಯಕ್ಕೇ ತಲೆಯಾಡಿಸತೊಡಗಿದರು. ಅರ್ಥವಾಗದ್ದಕ್ಕೆಲ್ಲ ಅವರು ಆಡಿಸುವ ತಲೆ ಅದು, ನನಗೆ ಹೊಸದಲ್ಲ. ಭದ್ರಾವತಿಯ ಜನ್ನಾಪುರದ ನಮ್ಮ ಮನೆಯಲ್ಲಿ ಇನ್ನುಳಿದವರು ಅತ್ತೆ, ಮಾವ. ಮಾವ 'ಕರ್ನಲ್' ಎಂಬ ಮಾತು ಕಿವಿಗೆ ಬಿದ್ದೊಡನೆ ಯಾವ ರೆಜಿಮೆಂಟು ಎಂದು ವಿಚಾರಿಸಿದರು. ಸೇನೆಗೂ ಇದಕ್ಕೂ ಸಂಬಂಧವಿಲ್ಲವೆಂದು ತಿಳಿದ ಮೇಲೆ ಪೇಪರಿನ ಹಿಂದೆ ಸರಿದರು. ಅತ್ತೆ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು. ಹುರುಳಿಕಾಯಿಯ ತಟ್ಟೆ ಹಿಡಿದು ಎದುರು ಕೂತರು.

"ಧೈರ್ಯವಾಗಿ ಹೇಳು. ತಪ್ಪು ಹೇಳಿದ್ರೂ ನನಗೆ ಗೊತ್ತಾಗಲ್ಲ" ಅಂದರು.

ಹೇಳಿದೆ. ಕಂಪ್ಯೂಟರಿನಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮೂ ಇಡೀ ಮೆಮೊರಿ ತನ್ನದೇ ಎಂದುಕೊಂಡಿರುತ್ತದೆ. ಅದು ಬಳಸುವ ವಿಳಾಸ ಅದರ ಪಾಲಿಗಷ್ಟೇ ನಿಜ. ಅಸಲಿ ಮೆಮೊರಿಯಲ್ಲಿ ಅದರ ಪುಟಗಳು, ಅಂದರೆ ಮೆಮೊರಿಯ ತುಂಡುಗಳು, ಸಿಕ್ಕ ಸಿಕ್ಕ ಜಾಗದಲ್ಲಿ ಚೆದುರಿಕೊಂಡು ಕೂತಿರುತ್ತವೆ. ಯಾವ ಪುಟ ಎಲ್ಲಿದೆ ಎಂದು ಕರ್ನಲ್ ಪ್ರತಿ ಪ್ರೋಗ್ರಾಮಿಗೂ ಒಂದು ಪಟ್ಟಿ ಬರೆದಿಡುತ್ತದೆ. ಪ್ರೊಸೆಸರ್ ಆ ಪಟ್ಟಿ ನೋಡಿಕೊಂಡು ಸರಿಯಾದ ಜಾಗ ಮುಟ್ಟುತ್ತದೆ. ಎರಡು ಪ್ರೋಗ್ರಾಮು ಒಂದೇ ನಂಬರು ಹೇಳಿದರೆ ಜಗಳವಾಗದೇ ಎಂದು ಅತ್ತೆ ಕೇಳಿದರು. ನಮ್ಮ ಬೀದಿಯಲ್ಲೂ ಹಿಂದಿನ ಕ್ರಾಸಿನಲ್ಲೂ ಹನ್ನೆರಡನೇ ನಂಬರಿನ ಮನೆಯಿದೆಯಲ್ಲ, ಕೊರಿಯರು ಅದಲುಬದಲಾಗುತ್ತದೆಯೇ ಎಂದೆ. ಆಗುತ್ತದೆ ಎಂದರು ಮಾವ, ಪೇಪರಿನ ಹಿಂದಿನಿಂದಲೇ. ಕರ್ನಲ್ ನಮ್ಮ ಕೊರಿಯರಿನವರಷ್ಟು ಅವಸರದ್ದಲ್ಲ, ಒಬ್ಬೊಬ್ಬರ ಪಟ್ಟಿ ಬೇರೆ ಬೇರೆ ಇಟ್ಟಿರುತ್ತದೆ ಎಂದು ಹೇಳಿ ಮುಂದಕ್ಕೆ ಹೋದೆ.

ಬೇಕಾದ ಪುಟ ಮೆಮೊರಿಯಲ್ಲಿ ಇಲ್ಲದಿದ್ದರೆ ಕರ್ನಲ್ ಅದನ್ನು ಡಿಸ್ಕಿನಿಂದ ತಂದು, ಪಟ್ಟಿ ತಿದ್ದಿ, ನಿಂತ ಕೆಲಸವನ್ನು ನಿಂತಲ್ಲಿಂದಲೇ ಮುಂದುವರಿಸುತ್ತದೆ. ಇದಕ್ಕೆ ಪೇಜ್ ಫಾಲ್ಟ್ ಎಂದು ಹೆಸರು ಎಂದಾಗ ಅತ್ತೆಗೆ ಬೇಸರವಾಯಿತು. ಬೇಕಾದಾಗ ಕೇಳಿ ಪಡೆಯುವುದು ಫಾಲ್ಟ್ ಹೇಗಾದೀತು, ಹೆಸರಿಟ್ಟವರು ಅತ್ತೆಮನೆಯಲ್ಲಿ ಬಾಳಿದವರಿರಬೇಕು ಎಂದರು. ನಾನು ಜಾಣಳಾಗಿ ಮುಂದಿನ ಪುಟಕ್ಕೆ ಹೋದೆ.

ಅಷ್ಟರಲ್ಲಿ ಅವರ ಕೈ ಹುರುಳಿಕಾಯಿಯ ಮೇಲೆ ನಿಂತಿತು.

"ಅಲ್ಲ ಕಣೇ, ಆ ಪಟ್ಟಿ ಎಲ್ಲಿರುತ್ತೆ?"

"ಮೆಮೊರಿಯಲ್ಲೇ, ಅತ್ತೆ."

"ಹಾಗಾದ್ರೆ ಆ ಪಟ್ಟಿ ಹುಡುಕೋಕೆ ಇನ್ನೊಂದು ಪಟ್ಟಿ ಬೇಡ್ವಾ? ಅದಕ್ಕೆ ಮತ್ತೊಂದು? ಇದು ಅನವಸ್ಥಾ ದೋಷ ಆಗಲಿಲ್ವಾ, ಮಾರಾಯ್ತಿ?"

ಒಂದಕ್ಕೆ ಆಧಾರ ಇನ್ನೊಂದು, ಅದಕ್ಕೆ ಮತ್ತೊಂದು ಎಂದು ಎಲ್ಲೂ ನಿಲ್ಲದೆ ಹೋಗುವ ವಾದಕ್ಕೆ ನಮ್ಮ ತರ್ಕಶಾಸ್ತ್ರದವರು ಇಟ್ಟ ಹೆಸರು ಅದು. ನಾಳೆ ಹೇಳ್ತೀನಿ ಎಂದೆ. ಉತ್ತರ ಗೊತ್ತಿಲ್ಲದ ಮೇಷ್ಟರುಗಳೆಲ್ಲ ಹೇಳುವ ಮಾತು ಅದು, ನಿವೃತ್ತ ಟೀಚರಿಗೆ ತಿಳಿಯದ್ದೇ? ಅವರು ನಕ್ಕು ಮತ್ತೆ ನಾರು ತೆಗೆಯತೊಡಗಿದರು.

ಆ ಮಧ್ಯಾಹ್ನ ಮಾತ್ರ ಪುಸ್ತಕ ತೆರೆದರೆ ನಿದ್ದೆ ಬರಲಿಲ್ಲ. ಪರೀಕ್ಷೆಗಾಗಿ ಓದಿದ್ದ ಪಾಠವನ್ನು ಮೊದಲ ಬಾರಿ ಒಂದು ಪ್ರಶ್ನೆ ಹಿಡಿದುಕೊಂಡು ಓದಿದೆ. ಉತ್ತರ ಎಷ್ಟು ಪುಟ್ಟದು! ಮೊದಲ ಪಟ್ಟಿಯ ವಿಳಾಸ ಮಾತ್ರ ಅಸಲಿ ವಿಳಾಸ. ಕರ್ನಲ್ ಅದನ್ನು ಪ್ರೊಸೆಸರಿನೊಳಗಿನ ರಿಜಿಸ್ಟರ್ ಎಂಬ ಪುಟ್ಟ ಗೂಡಿನಲ್ಲಿ ಇಟ್ಟಿರುತ್ತದೆ. ಅಲ್ಲಿಗೆ ಹೋಗಲು ಯಾವ ಪಟ್ಟಿಯೂ ಬೇಡ. ಸರಪಳಿ ಅಲ್ಲಿ ನಿಲ್ಲುತ್ತದೆ. ಅತ್ತೆಗೆ ಹೇಳಿದಾಗ, ತಮ್ಮದೇ ಮನೆಯ ಪಾಯ ಗಟ್ಟಿಯಿದೆಯೆಂದು ತಿಳಿದವರಂತೆ ಉಸಿರು ಬಿಟ್ಟರು.

ಸಂದರ್ಶನದ ದಿನ ಬಸ್ಸಿಳಿಯುವವರೆಗೂ ಪಾಠವನ್ನು ಪಿಸುಗುಟ್ಟಿಕೊಂಡೇ ಹೋದೆ. ಆದರೆ ಬೋರ್ಡಿನ ಮುಂದೆ ನಿಂತಾಗ ಧ್ವನಿ ಹೇಗೋ ಕೊನೆಯ ಬೆಂಚಿನವರೆಗೂ ಹೋಯಿತು. ಕೇಳಲು ಕೂತವರಲ್ಲಿ ನೆರೆತ ಕೂದಲಿನ ಪ್ರೊಫೆಸರೊಬ್ಬರು ಪಾಠ ಮುಗಿಯುವವರೆಗೂ ಕಿಟಕಿಯಾಚೆ ನೋಡುತ್ತಿದ್ದರು. ಕಡೆಯಲ್ಲಿ ತಿರುಗಿ, ಪಟ್ಟಿಯೂ ಮೆಮೊರಿಯಲ್ಲೇ ಇದ್ದರೆ ಅದನ್ನು ಹುಡುಕುವುದು ಹೇಗೆ ಎಂದು ಕೇಳಿದರು. ನನಗೆ ಆದ ಸಂತೋಷದಲ್ಲಿ ಬಾಯಿ ಜಾರಿತು.

"ಸರ್, ಅದು ಅನವಸ್ಥಾ ದೋಷ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಿಡಿಸಿ ಹೇಳಿ ಎಂದರು. ಬಿಡಿಸಿ ಹೇಳಿದೆ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದಾಗ ನಮ್ಮತ್ತೆಯ ಹೆಸರು ಹೇಳಿದೆ. ಯಾವ ಯೂನಿವರ್ಸಿಟಿಯವರು ಎಂದರು. ಜನ್ನಾಪುರ, ನಮ್ಮತ್ತೆ ಎಂದೆ. ಕೋಣೆಯೆಲ್ಲ ನಕ್ಕಿತು. ಕೆಲಸ ಸಿಕ್ಕಿತು.

ಈಗ ಮರುದಿನದ ಪಾಠ ಹಿಂದಿನ ಸಂಜೆಯೇ ಅತ್ತೆಗೆ ಆಗುತ್ತದೆ. ಕಲಿಸುವವರಿಗೆ ಬೇಕಾದದ್ದು ತಲೆಯಾಡಿಸುವವರಲ್ಲ, ಕೈ ನಿಲ್ಲಿಸುವವರು ಎಂದು ನನಗೂ ತಡವಾಗಿ ತಿಳಿಯಿತು. ಮೊನ್ನೆ ಡೆಡ್‌ಲಾಕಿನ ಪಾಠ ಬಂತು. ಇಬ್ಬರ ಹತ್ತಿರವೂ ಒಂದೊಂದು ವಸ್ತು. ಇನ್ನೊಬ್ಬರದು ಕೈಗೆ ಬಾರದೆ ತಮ್ಮದನ್ನು ಬಿಡಲೊಲ್ಲರು. ಇಬ್ಬರೂ ಕೂತಲ್ಲೇ ಕೂತಿರುತ್ತಾರೆ ಎಂದು ವಿವರಿಸುತ್ತಿದ್ದೆ.

"ಇದಕ್ಕೆ ಕಂಪ್ಯೂಟರ್ ಬೇಕಾ? ಮದುವೆ ಆದಾಗಿಂದ ನಿಮ್ಮ ಮಾವನೂ ನಾನೂ ಹೀಗೇ ಕೂತಿದೀವಿ" ಎಂದರು ಅತ್ತೆ.

ಪೇಪರು ಸ್ವಲ್ಪ ಕೆಳಗಿಳಿಯಿತು.

"ನಾನು ನನ್ನದನ್ನ ಯಾವಾಗಲೋ ಬಿಟ್ಟಾಯ್ತು. ನಿಮ್ಮತ್ತೆಗೆ ಹೇಳೋಕೆ ಮರೆತಿದ್ದೆ" ಎಂದರು ಮಾವ.

ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ, ಮಾವ ಕೇಳದೆಯೇ, ದಿನವೂ ಕೇಳಿದರೂ ಸಿಗದ ಎರಡನೇ ಸಲದ ಕಾಫಿ ಬಂತು.